ಗೊರಸಿಗೆ ಸಿಕ್ಕಿದ ಉಕ್ಕಿನ ನಾರು

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷ. ಮುನಿವೆಂಕಟಮ್ಮ ಕುರಿದೊಡ್ಡಿಯ ಬಾಗಿಲಲ್ಲಿ ಕುಳಿತು, ಮುಂದಾಳು ಕುರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಗೊರಸಿನ ಸೀಳಿನಿಂದ ಒಂದು ತಂತಿಚೂರನ್ನು ಚಿಮಟದಲ್ಲಿ ಎಳೆಯುತ್ತಿದ್ದರು. ತಂತಿ ಗುಂಡುಪಿನ್ನಿಗಿಂತ ತುಸು ದಪ್ಪವಿತ್ತು. ತುದಿ ಕೊಕ್ಕೆಯಂತೆ ಬಾಗಿದ್ದರಿಂದ ಸುಲಭಕ್ಕೆ ಬರುತ್ತಿರಲಿಲ್ಲ.

ಅದು ರಸ್ತೆಯದು. ಕಾರಿಮಂಗಲದ ಆಚೆಗಿನ ಈ ಊರಿಗೆ ನಾಲ್ಕು ತಿಂಗಳ ಹಿಂದೆ ಉಕ್ಕಿನ ನಾರು, ಅಂದರೆ ಇಂಥ ತಂತಿಚೂರು, ಬೆರೆಸಿದ ಕಾಂಕ್ರೀಟ್ ರಸ್ತೆ ಬಂತು. ಉದ್ದ ಒಂದೂಕಾಲು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ನಾರಿನ ಬಲದಿಂದ ದಪ್ಪ ಇಪ್ಪತ್ತು ಸೆಂಟಿಮೀಟರಿನಿಂದ ಹದಿನೈದಕ್ಕೆ ಇಳಿದಿತ್ತು. ಎಂಬತ್ತು ಟನ್ನಿನಷ್ಟು ಸಿಮೆಂಟ್ ಉಳಿತಾಯವಾಗಿತ್ತು, ಅದನ್ನು ತಯಾರಿಸುವಾಗ ಏಳುವ ಹೊಗೆಯೂ ತಪ್ಪಿತ್ತು. ಟೊಮೆಟೊ ಸಾಗಿಸುವ ಪೆರುಮಾಳನ ವ್ಯಾನಿನಲ್ಲಿ ಈಗ ತಳದ ಕ್ರೇಟು ಜಜ್ಜಿಹೋಗುತ್ತಿರಲಿಲ್ಲ.

ಆದರೆ ಮುನಿವೆಂಕಟಮ್ಮನ ನಲವತ್ತಮೂರು ಕುರಿಗಳಿಗೆ ಮೇವು ಇದ್ದದ್ದು ರಸ್ತೆಯ ಆ ತುದಿಯ ಕೆರೆಯಂಗಳದಲ್ಲಿ. ರಸ್ತೆಯ ಎರಡು ಕಡೆಯೂ ಮಾವಿನ ತೋಟ, ಕರೆಂಟು ಹರಿಯುವ ಬೇಲಿ. ಬೇರೆ ದಾರಿಯಿಲ್ಲ. ಗೊರಸಿಗೆ ನಾರು ಚುಚ್ಚಿ ಮುಂದಾಳು ಕುರಿ ರಸ್ತೆಯ ಮೊದಲಲ್ಲಿ ನಿಂತುಬಿಟ್ಟು ಇಂದಿಗೆ ಮೂರು ದಿನ. ಅದು ಹೆಜ್ಜೆ ಇಡದೆ ಉಳಿದವು ಇಡವು. ದೊಡ್ಡಿಯೊಳಗೆ ಕಟ್ಟಿದ್ದ ಒಣ ಸೊಪ್ಪು ನಿನ್ನೆಗೇ ಮುಗಿದಿತ್ತು.

“ಅಕ್ಕಾ, ಎಲ್ಲಾಕೂ ಒಂದೊಂದ್ ಜೊತೆ ಚಪ್ಲಿ ಒಲಿಸ್ಬುಡು,” ಎಂದ ಪೆರುಮಾಳ್, ವ್ಯಾನ್ ನಿಲ್ಲಿಸಿ.

“ಮೊದ್ಲು ನಿನ್ ಬಾಯ್ಗೆ ಒಲಿಸ್ತೀನಿ, ಓಗ್ಲಾ.”

ಹತ್ತು ಗಂಟೆಗೆ ರಸ್ತೆ ಹಾಕಿಸಿದ ಇಂಜಿನಿಯರ್ ಸುಗನ್ಯಾ ಬಂದಳು. ಚಪ್ಪಲಿ ಕಳಚಿ ಬರಿಗಾಲಲ್ಲಿ ನಡೆದು, ಮುನ್ನೂರು ಮೀಟರಿನಷ್ಟು ಗುರುತು ಮಾಡಿದಳು. ಅಲ್ಲಿ ಕಾಂಕ್ರೀಟ್ ಗಟ್ಟಿಯಾಗತೊಡಗಿದ ಮೇಲೆ ಮೇಲ್ಮೈ ಉಜ್ಜಿದ್ದರಿಂದ ನಾರುಗಳು ತಲೆ ಎತ್ತಿದ್ದವು.

“ತಪ್ಪು ನಮ್ಮದೇ ಅಜ್ಜಿ. ಮೆಷಿನ್ ಇಟ್ಟು ಮೇಲೆದ್ದ ನಾರನ್ನೆಲ್ಲ ತೇಯಿಸ್ತೇನೆ. ಆದ್ರೆ ಸ್ಯಾಂಕ್ಷನ್ ಆಗೋಕೆ ಎರಡು ತಿಂಗಳು.”

“ಎಲ್ಡ್ ತಿಂಗ್ಳು ಕುರಿ ಏನ್ ತಿಂತಾವೆ? ನಿಮ್ ಸ್ಯಾಂಕ್ಷನ್ನಾ?” ಎಂದ ಪೆರುಮಾಳ್. “ಒಂದ್ ಅಂಚು ಕುಯ್ದು ಮಣ್ಣು ಬಿಡಿ. ಕುರಿ ಸಾಲಾಗಿ ಓಯ್ತವೆ.”

ಸುಗನ್ಯಾ ಆಗದೆಂದು ತಲೆಯಾಡಿಸಿದಳು. ಒಳಗಿನ ನಾರು ಬಿಡದು. ಬಲವಂತದಿಂದ ಕೊಯ್ದರೆ ಅಂಚು ಸೋತು ಇಡೀ ರಸ್ತೆ ಬಿರುಕು ಬಿಡುತ್ತದೆ. ಮೂವತ್ತು ವರ್ಷಕ್ಕೆಂದು ಹಾಕಿದ್ದು. ಮುನಿವೆಂಕಟಮ್ಮನಿಗೆ ಅರವತ್ತೆರಡು.

“ಆವತ್ತೇ ಅಂಚಲ್ಲಿ ಮಣ್ಣು ಬಿಡಾಕೆ ಏನಾಗಿತ್ತು ನಿಮ್ಗೆ?” ಪೆರುಮಾಳನ ದನಿ ಏರಿತು.

ಸುಗನ್ಯಾ ಬಾಗಿ ಚಪ್ಪಲಿ ಮೆಟ್ಟಿಕೊಂಡಳು.

“ಆ ಮಗೀನ ಬೈಬ್ಯಾಡ ಪೆರುಮಾಳು,” ಎಂದರು ಮುನಿವೆಂಕಟಮ್ಮ. “ಕೇಳಿತ್ತು ಅದು. ನೀನಾವತ್ತು ಸಂತೆಗೋಗಿದ್ದೆ.”

ರಸ್ತೆ ಬರುವ ಮುಂಚಿನ ಮಳೆಗಾಲದಲ್ಲಿ ಇದೇ ದಾರಿಯ ಕೆಸರಿಗೆ ಗೊರಸು ಕೊಳೆತು ಅವರ ಏಳು ಕುರಿ ಸತ್ತಿದ್ದವು. ಹಾಗಾಗಿ ಗ್ರಾಮಸಭೆಯಲ್ಲಿ ಸುಗನ್ಯಾ ಟೇಪು ಹಿಡಿದು, “ಕುರಿ ಹೆಚ್ಚಿರುವವರೇ ಹೇಳಲಿ, ಅಂಚಿನಲ್ಲಿ ಎಷ್ಟು ಅಡಿ ಮಣ್ಣು ಬಿಡೋಣ?” ಎಂದು ಕೇಳಿದಾಗ, ಎಲ್ಲರಿಗಿಂತ ಮೊದಲು ಎದ್ದುನಿಂತು, ಹಿಂದಿನ ಸಾಲಿಗೂ ಕೇಳುವಂತೆ ಮುನಿವೆಂಕಟಮ್ಮ ಹೇಳಿದ್ದರು: “ಸೊನ್ನೆ.”