ಹಿನ್ನೀರಿನಲ್ಲಿ ಕೇಳಿದ ಬಡಿತ

ನಾನು ಹುಣಸೂರಿನವಳು. ನಮ್ಮ ಅಬ್ಬ ಮಂಚ, ಬಾಗಿಲು ಮಾಡುವ ಬಡಗಿ. ಸಮುದ್ರವನ್ನು ನಾನು ಮೊದಲು ನೋಡಿದ್ದೇ ಕೆಲಸಕ್ಕೆ ಸೇರಿದ ಮೇಲೆ.

ಕರಾವಳಿಯ ಕಾವಲಿಗಾಗಿ ನಮ್ಮ ತಂಡ ಸೋನಾರ್ ಬೋಯ್‌ಗಳನ್ನು ನೀರಿಗೆ ಬಿಡುತ್ತದೆ. ಬೋಯ್ ಅಂದರೆ ತೇಲುವ ಡಬ್ಬ, ಅದರ ಕೆಳಗೆ ತಂತಿಯಲ್ಲಿ ಇಳಿಬಿಟ್ಟ ಮೈಕು. ದಡದತ್ತ ಬರುವ ಸಣ್ಣ ದೋಣಿಯ ಎಂಜಿನ್ ಸದ್ದನ್ನು ಅದು ಹಿಡಿಯಬೇಕು. ಆದರೆ ಅಲೆಗಳ, ದೊಡ್ಡ ಹಡಗುಗಳ ಗದ್ದಲದಲ್ಲಿ ಆ ಸದ್ದು ಅಡಗಿಹೋಗುತ್ತಿತ್ತು. ಅದನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಂ ಬರೆಯುವುದು ನನ್ನ ಪಾಲಿನ ಕೆಲಸ. ಮೊದಲು ನಿಶ್ಶಬ್ದವಾದ ನೀರಿನಲ್ಲಿ ಎಂಜಿನ್ನಿನ ಸದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕಿತ್ತು. ಅದಕ್ಕೇ ಎಚ್.ಡಿ. ಕೋಟೆಯ ಹಿನ್ನೀರಿಗೆ ಬಂದೆವು. ಹಂಪಾಪುರದಲ್ಲಿ ಬಾಡಿಗೆ ಮನೆ ಹಿಡಿದೆವು.

ನೀರಿನ ಮೇಲಿನ ಕೆಲಸಕ್ಕೆ ಅಲ್ಲೇ ಮೀನು ಹಿಡಿಯುವ ಒಬ್ಬರನ್ನು ಗೊತ್ತುಮಾಡಿದೆವು. ಅವರ ಹೆಂಡತಿ ನಮಗೆ ಅಡುಗೆ ಮಾಡಿ ದಡಕ್ಕೆ ತರುತ್ತಿದ್ದರು. ಒಮ್ಮೆ ಆ ಮೀನುಗಾರರ ಕಿವಿಗೆ ಹೆಡ್‌ಫೋನ್ ಹಾಕಿ, ಅವರದೇ ತೆಪ್ಪದ ಹುಟ್ಟಿನ ಸದ್ದು ಕೇಳಿಸಿದೆ. ಜೋರಾಗಿ ನಕ್ಕರು.

"ಇನ್ಮೇಲೆ ಕದ್ದು ಬಲೆ ಬುಡಂಗೇ ಇಲ್ಲ ಕಣ್ರೀ!"

ಒಂದು ಬೆಳಿಗ್ಗೆ ತಮ್ಮ ಬಲೆ ಎತ್ತಿ ಬರುತ್ತೇನೆಂದು ಹೋದವರು ಬರಲಿಲ್ಲ. ಗಾಳಿ ಜೋರಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ತೆಪ್ಪ ಬೋರಲಾಗಿ ಆಚೆ ದಡಕ್ಕೆ ಬಂದು ನಿಂತಿತ್ತು. ಊರಿನವರು, ಅಗ್ನಿಶಾಮಕದವರು ಅಲ್ಲೆಲ್ಲ ಮುಳುಗಿ ಹುಡುಕಿದರು. ಸಿಗಲಿಲ್ಲ.

ಅವರ ಹೆಂಡತಿ ನನ್ನ ಹತ್ತಿರ ಬಂದರು. "ಮೇಡಮ್ಮೋರೆ, ನಿಮ್ ಡಬ್ಬ ನೀರೊಳ್ಗೆಲ್ಲ ಕೇಳುಸ್ಕತದಲ್ಲ. ನಮ್ಮೋರು ಎಲ್ಲವ್ರೆ ಅಂತ ನೋಡಿ ಏಳಿ."

"ಅಕ್ಕ, ಸದ್ದು ಮಾಡೋರು ಮಾತ್ರ ಅದಕ್ಕೆ ಗೊತ್ತಾಗೋದು" ಅಂದೆ. ಅಂದ ಮೇಲೆ ಆ ಮಾತಿನ ಅರ್ಥ ನನಗೇ ತಟ್ಟಿತು.

ಅವರು ಅಳಲಿಲ್ಲ. "ಬೆಳಗ್ಗೆ ಮಾಡಿರ್ಬೋದಲ್ವಾ?" ಎಂದರು.

ಬೋಯ್‌ಗಳು ಮೂರೂ ನೀರಿನಲ್ಲೇ ಇದ್ದವು. ಅವು ತಮ್ಮಷ್ಟಕ್ಕೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದವು, ಆ ಹೊತ್ತಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಅವನ್ನು ದಡಕ್ಕೆ ತರಿಸಿ ಲ್ಯಾಪ್‌ಟಾಪಿಗೆ ಹಾಕಿದೆ. ಪ್ರೋಗ್ರಾಂ ಏನೂ ಇಲ್ಲ ಎಂದು ತೋರಿಸಿತು. ಎಂಜಿನ್ ಅಲ್ಲದ್ದನ್ನೆಲ್ಲ ಕಸವೆಂದು ಎಸೆಯಲೆಂದೇ ಅದನ್ನು ಮಾಡಿದ್ದೆವು. ಪ್ರೋಗ್ರಾಂ ಪಕ್ಕಕ್ಕಿಟ್ಟು ಮೂಲ ರೆಕಾರ್ಡಿಂಗನ್ನೇ ಕೇಳಿದೆ. ಗಾಳಿಗೆ ನೀರು ಕುದಿಯುವಂಥ ಸದ್ದು. ಅದರ ನಡುವೆ ಬಡಿತ. ಬೋರಲಾದ ತೆಪ್ಪದ ತಳಕ್ಕೆ ಅಂಗೈಯಿಂದ ಬಡಿಯುತ್ತಿದ್ದರು. ತುಂಬಾ ಹೊತ್ತು ಬಡಿದಿದ್ದರು. ಬರಬರುತ್ತ ಬಡಿತ ವಿರಳವಾಯಿತು, ಆಮೇಲೆ ನಿಂತುಹೋಯಿತು.

ಒಂದೇ ಬಡಿತ ಹತ್ತಿರದ ಬೋಯ್‌ಗೆ ಬೇಗ, ದೂರದ್ದಕ್ಕೆ ತಡವಾಗಿ ಮುಟ್ಟುತ್ತದೆ. ಆ ವ್ಯತ್ಯಾಸದಿಂದ ಅದು ಎಲ್ಲಿಂದ ಬಂತೆಂದು ಲೆಕ್ಕ ಹಾಕಬಹುದು. ನಾನೂ ಸಹೋದ್ಯೋಗಿಯೂ ಒಂದೊಂದೇ ಬಡಿತವನ್ನು ನಕ್ಷೆಯ ಮೇಲೆ ಗುರುತಿಸಿದೆವು. ಗಾಳಿ ಹೋದ ಕಡೆಗೇ ಚುಕ್ಕಿಗಳು ಸಾಗಿ ನಡುನೀರಿನಲ್ಲೇ ಮುಗಿದವು. ಕೈ ಸೋತು ಬಿಟ್ಟದ್ದು ಅಲ್ಲಿ. ಖಾಲಿ ತೆಪ್ಪ ಮಾತ್ರ ಮುಂದಕ್ಕೆ ತೇಲಿತ್ತು. ಅಗ್ನಿಶಾಮಕದವರಿಗೆ ಆ ಜಾಗ ತೋರಿಸಿದೆವು. ಮಾರನೆಯ ಬೆಳಿಗ್ಗೆ ಅಲ್ಲೇ, ಮುಳುಗಿದ ಮರದ ಬೊಡ್ಡೆಗಳ ನಡುವೆ ಸಿಕ್ಕರು.

ಮಣ್ಣಾಗಿ ಕೆಲವು ದಿನಗಳಾದ ಮೇಲೆ ಆ ಅಕ್ಕ ಹಂಪಾಪುರದ ಮನೆಗೆ ಬಂದರು. "ಆ ಸದ್ದ ನಂಗೂ ಕೇಳ್ಸಿ."

"ಬ್ಯಾಡ ಅಕ್ಕ."

"ನೀವು ಕೇಳಿದೀರಿ. ಅವರ್ ಎಂಡ್ತಿ ನಾನಲ್ವಾ?"

ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ಮೀನು ಓಡ್ಸಕ್ಕೂ ತೆಪ್ಪ ಬಡೀತಿದ್ರು. ಅದು ಬ್ಯಾರೆ. ಇದು ಕರ್ದಿರೋದು." ಹೆಡ್‌ಫೋನ್ ತೆಗೆಯುತ್ತ ಕೇಳಿದರು, "ಕೂಗ್ನಿಲ್ವಾ?"

"ನೀರಿನ ಮೇಲೆ ಕೂಗಿದ್ರೆ ಅದಕ್ಕೆ ಸರಿಯಾಗಿ ಕೇಳ್ಸಲ್ಲ ಅಕ್ಕ."

"ಆಗ ನಾನು ಒಲೆ ಮುಂದಿದ್ದೆ. ನಿಮ್ಗೆ ಸಾರು ಕಾಯಿಸ್ತಿದ್ದೆ."



ಕರಾವಳಿಗೆ ಮರಳಿದ ಮೇಲೆ ಎಂಜಿನ್ ಹಿಡಿಯುವ ಪ್ರೋಗ್ರಾಂ ಚೆನ್ನಾಗಿಯೇ ಬಂತು, ಮೇಲಿನವರು ಮೆಚ್ಚಿದರು. ಬಡಿತದ ಸದ್ದುಗಳನ್ನೂ ಎಸೆಯದೆ ಬೇರೆ ಎಚ್ಚರಿಕೆಯಾಗಿ ತೋರಿಸುವಂತೆ ಮಾಡೋಣ ಎಂದು ಹಟ ಹಿಡಿದೆ. ಸುಳ್ಳು ಎಚ್ಚರಿಕೆಗಳೇ ಹೆಚ್ಚಾಗುತ್ತವೆ ಎಂದರು. ಆದರೂ ಒಪ್ಪಿದರು. ಅವರು ಹೇಳಿದಂತೆಯೇ ಆಗಿದೆ: ಲಂಗರಿನ ಸರಪಳಿ, ಸಡಿಲವಾದ ಹಲಗೆ. ಪಾಳಿಯಲ್ಲಿರುವವರು ಗೊಣಗುತ್ತಾರೆ. ಇಲ್ಲಿಯವರೆಗೆ ಅದರಿಂದ ಒಂದು ಜೀವವೂ ಉಳಿದಿಲ್ಲ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಆ ಅಕ್ಕನನ್ನು ಹುಡುಕಿಕೊಂಡು ಹೋದೆ. ತೆಪ್ಪವನ್ನು ಮೈದುನನಿಗೆ ಕೊಟ್ಟು ರಾವಂದೂರಿನ ಹತ್ತಿರದ ತವರಿಗೆ ಬಂದಿದ್ದರು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಮುಂದೆ ಹೆಂಗಸರೊಂದಿಗೆ ಕೂತು ಕಡ್ಡಿಗೆ ಎಲೆ ಕಟ್ಟುತ್ತಿದ್ದರು. ಜರುಗಿ ನನಗೆ ಜಾಗ ಮಾಡಿಕೊಟ್ಟರು. ಹಿನ್ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಸುಮ್ಮನೆ ಕೂರಲಾಗದೆ ಒಂದು ಎಲೆ ಎತ್ತಿಕೊಂಡೆ.

"ಮುಟ್ಬ್ಯಾಡಿ ಕಣವ್ವ, ಕೈಯೆಲ್ಲ ಅಂಟಾಯ್ತದೆ" ಎಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಟ್ಟತೊಡಗಿದರು.