ಸ್ವೆಟರಿನ ತೂಕ

ಮಕ್ಕಳ ಆಸ್ಪತ್ರೆಯಲ್ಲಿ ತೂಕದ ಮೇಜಿನ ಹಿಂದೆ ಕೂರುವ ನರ್ಸಮ್ಮನಿಗೆ ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ತಾಯಂದಿರ ಬಾಯಲ್ಲಿ ಆಕೆ ಬಿಚ್ಚಮ್ಮ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಆಕೆ ಆಡುತ್ತಿದ್ದದ್ದು ಒಂದೇ ಮಾತು: "ಬಟ್ಟೆ ಬಿಚ್ಚಮ್ಮ, ಮಗುವಿನ ಬಟ್ಟೆ ಬಿಚ್ಚು."

ಮಗುವನ್ನು ಬರಿಮೈಯಲ್ಲೇ ತೂಗಬೇಕೆಂಬುದು ನಿಯಮ. ಅದನ್ನು ಬರೆದ ಪುಣ್ಯಾತ್ಮರ ಎದುರು ಅಜ್ಜಿಯರ ಸಾಲು ಯಾವತ್ತೂ ನಿಂತಿರಲಿಕ್ಕಿಲ್ಲ. "ಶೀತ ಆದ್ರೆ ನೀನು ಬಂದು ಮೂಗು ಒರೆಸ್ತೀಯಾ?" ಎಂದು ಒಬ್ಬರು, "ಇಷ್ಟು ಜನರ ಕಣ್ಣು ಬೀಳಲ್ವಾ?" ಎಂದು ಇನ್ನೊಬ್ಬರು. ಬಿಚ್ಚಮ್ಮನೂ ಬಿಡುವವಳಲ್ಲ. "ನಿಮ್ಮ ಮಗು ಅಷ್ಟೇನೂ ಚೆನ್ನಾಗಿಲ್ಲ ಅಜ್ಜಿ, ಧೈರ್ಯವಾಗಿ ಬಿಚ್ಚಿ" ಅಂದುಬಿಡುತ್ತಿದ್ದಳು. ದೂರು ಪೆಟ್ಟಿಗೆಗೆ ಬೀಗ ಹಾಕಿದ್ದೇ ಅವಳಿಂದಾಗಿ ಅಂತ ಕಸ ಗುಡಿಸುವಾತ ಹೇಳುತ್ತಿದ್ದ.

ಆದರೆ ಮನುಷ್ಯರಿಗೆ ಐವತ್ತು ದಾಟಿದ ಮೇಲೆ ಜಗಳವೂ ಮಂಡಿಯೂ ಒಟ್ಟಿಗೇ ಸವೆಯುತ್ತವೆ. ಇತ್ತೀಚೆಗೆ ಬಿಚ್ಚಮ್ಮ ಒಂದು ಉಪಾಯ ಕಂಡುಕೊಂಡಿದ್ದಳು. ಯಾರಾದರೂ ತೀರಾ ಹಟ ಹಿಡಿದರೆ ಬಟ್ಟೆ ಸಮೇತ ತೂಗಿ, ಅಂದಾಜಿಗೆ ಇನ್ನೂರು ಗ್ರಾಂ ಕಳೆದು, ತಿಂಗಳು ತಿಂಗಳಿನ ತೂಕ ಗುರುತಿಸುವ ಚೀಟಿಯಲ್ಲಿ ಚುಕ್ಕಿ ಇಟ್ಟುಬಿಡುವುದು. ಚುಕ್ಕಿಗೆ ಚುಕ್ಕಿ ಸೇರಿಸಿದರೆ ಗೆರೆ. ಗೆರೆ ಏರುತ್ತಿದ್ದರೆ ಮಗು ಸೀದಾ ಲಸಿಕೆಯ ಮೇಜಿಗೆ. ಬಾಗಿದರೆ ಮಾತ್ರ ಡಾಕ್ಟರ ಕೋಣೆಗೆ.

ಈ ಇನ್ನೂರು ಗ್ರಾಂ ಉಪಾಯ ಹುಟ್ಟಿದ್ದೇ, ಸಾಲಿನವರು ಹವಾಲ್ದಾರಜ್ಜಿ ಎಂದು ಕರೆಯುತ್ತಿದ್ದ ಅಜ್ಜಿಯೊಬ್ಬರಿಂದ. ಆಕೆ ಸಾಲಿಗೆ ಬಂದರೆ ಸಾಲು ತಾನಾಗಿ ನೆಟ್ಟಗಾಗುತ್ತಿತ್ತು. ಮೊಮ್ಮಗಳು ಆಕೆಯ ಕೈಯಲ್ಲಿ. ಸೊಸೆ ಎರಡು ಹೆಜ್ಜೆ ಹಿಂದೆ, ಚೀಲ ಹಿಡಿದುಕೊಂಡು. ಮಗುವಿಗೆ ಮೂರು ತಿಂಗಳಿದ್ದಾಗ ಇನ್ನೂ ಚಳಿ ಬಿದ್ದಿರಲಿಲ್ಲ. ತೆಳ್ಳನೆಯ ಅಂಗಿ ತೆಗೆಸಿ ತೂಗಿದ್ದಾಗ ನಾಲ್ಕು ಕಿಲೋ ಒಂಬೈನೂರು. ನಾಲ್ಕನೇ ತಿಂಗಳಿಗೆ ಚಳಿ ಬಂತು, ಸ್ವೆಟರ್ ಬಂತು. "ಮುಟ್ಟಿದ್ರೆ ನೋಡು" ಅಂದರು ಅಜ್ಜಿ. ಬಿಚ್ಚಮ್ಮ ಮುಟ್ಟಲಿಲ್ಲ, ಇನ್ನೂರು ಕಳೆದು ಐದು ನಾನೂರು ಬರೆದಳು. ಐದನೇ ತಿಂಗಳಿಗೆ ಸ್ವೆಟರಿನ ಮೇಲೆ ಸ್ವೆಟರ್, ಉಣ್ಣೆಯ ಟೋಪಿ, ಮೇಲೊಂದು ದಪ್ಪ ಹೊದಿಕೆ. ಐದು ಒಂಬೈನೂರು. ಗೆರೆ ಮೆಟ್ಟಿಲು ಹತ್ತಿದ ಹಾಗೆ ಏರಿತು. "ನೋಡಿದ್ಯಾ ನಮ್ಮ ಆರೈಕೆ!" ಎಂದು ಅಜ್ಜಿ ಸೊಸೆಯ ಕಡೆ ಚೀಟಿ ಬೀಸಿದರು. ಸೊಸೆ ಚೀಟಿ ನೋಡಲಿಲ್ಲ, ಮಗುವನ್ನು ನೋಡುತ್ತಿದ್ದಳು.

ಆರನೇ ತಿಂಗಳು ಸರದಿ ಬಂದ ಹೊತ್ತಿಗೆ ಮಗು, ಯಾರ ಅಪ್ಪಣೆಗೂ ಕಾಯದೆ, ಕುಡಿದಷ್ಟೂ ಹಾಲನ್ನು ಸ್ವೆಟರುಗಳ ಮೇಲೆ ಕಕ್ಕಿತು. ಅಜ್ಜಿ ಬೈದುಕೊಳ್ಳುತ್ತಲೇ ಎಲ್ಲ ಬಿಚ್ಚಿ, ಮೇಲಿನ ಒದ್ದೆ ಸ್ವೆಟರ್ ಹಿಡಿದು ನಲ್ಲಿಯ ಕಡೆ ಓಡಿದರು. ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಸೊಸೆ ಬರಿಮೈ ಮಗುವನ್ನು ತಾನೇ ತಕ್ಕಡಿಗೆ ಹಾಕಿದಳು.

"ಬೇಗ ನೋಡಿ ಸಿಸ್ಟರ್. ಅತ್ತೆ ಬರೋದ್ರೊಳಗೆ."

ಐದು ಕಿಲೋ ನೂರಾ ಎಂಬತ್ತು.

ಬಿಚ್ಚಮ್ಮ ಯಂತ್ರಕ್ಕೆ ಒಂದು ತಟ್ಟು ತಟ್ಟಿದಳು. ಯಂತ್ರ ತಟಸ್ಥವಾಗಿತ್ತು. ಮಗುವನ್ನು ತಾಯಿಯ ಕೈಗೆ ಕೊಟ್ಟು, ಪರೀಕ್ಷೆಗೆಂದು ಇಟ್ಟಿದ್ದ ಒಂದು ಕಿಲೋ ತೂಕದ ಕಲ್ಲನ್ನು ಹಾಕಿದಳು: ಸರಿಯಾಗಿ ಒಂದು ಕಿಲೋ. ಕಲ್ಲು ತೆಗೆದು, ಮೇಜಿನ ಮೇಲೆ ಬಿದ್ದಿದ್ದ ಬಟ್ಟೆಯ ರಾಶಿ ಹಾಕಿದಳು: ಒಂದು ಕಿಲೋ ನೂರು. ಒದ್ದೆ ಸ್ವೆಟರ್ ಇನ್ನೂ ನಲ್ಲಿಯಲ್ಲೇ ಇತ್ತು. ಮೂರು ತಿಂಗಳಲ್ಲಿ ಮಗು ಮುನ್ನೂರು ಗ್ರಾಂ ಕೂಡ ಬೆಳೆದಿರಲಿಲ್ಲ. ಎರಡು ತಿಂಗಳಿಂದ ಬೆಳೆದದ್ದು ಬಟ್ಟೆ.

ಅಷ್ಟರಲ್ಲಿ ಹವಾಲ್ದಾರಜ್ಜಿ ಬಂದರು. "ಯಾರನ್ನ ಕೇಳಿ ಹಾಕಿದ್ರಿ? ಚಳಿಗೆ ಮಗು ನೀಲಿಗಟ್ಟಲಿ ಅಂತಾನಾ?"

"ಅಜ್ಜಿ, ಮಗು ತೂಕ ಬಂದಿಲ್ಲ."

"ಬಂದಿಲ್ವಾ? ನೀನೇ ಬರೆದಿದ್ದೀಯಲ್ಲೇ ತಾಯಿ! ಇದು ಯಾರ ಅಕ್ಷರ? ನನ್ನದಾ?"

ಬಟ್ಟೆ ಬಿಚ್ಚಲು ಬಿಡದವರು ಯಾರು ಎನ್ನುವ ಮಾತು ಬಿಚ್ಚಮ್ಮನ ನಾಲಗೆಯ ತುದಿಯವರೆಗೂ ಬಂದಿತ್ತು. ಅದಕ್ಕೆ ಮೊದಲೇ ಸೊಸೆ ತಿರುಗಿಬಿದ್ದಳು, ಅತ್ತೆಯ ಮೇಲಲ್ಲ, ಬಿಚ್ಚಮ್ಮನ ಮೇಲೆ.

"ಎರಡು ತಿಂಗಳಿಂದ ಮನೇಲಿ ಹೇಳ್ತಾ ಇದ್ದೀನಿ. ನಾಲ್ಕು ಗುಟುಕು ಕುಡಿಯೋದ್ರೊಳಗೆ ಸುಸ್ತಾಗುತ್ತೆ, ಹಣೆಯೆಲ್ಲ ಬೆವರುತ್ತೆ ಅಂತ. ಅತ್ತೆ ಚೀಟಿ ತೋರಿಸಿದ್ರು. ಗಂಡ ಚೀಟಿ ತೋರಿಸಿದ್ರು. ನಮ್ಮಮ್ಮನೂ ಫೋನಲ್ಲಿ, ಸಿಸ್ಟರ್ ಬರೆದಿದ್ದಾರಲ್ಲ, ನಿಂಗ್ಯಾಕೆ ಅನುಮಾನ ಅಂದ್ರು. ನಂಗೇ ತಲೆ ಕೆಟ್ಟಿದೆ ಅನ್ಕೊಂಡೆ. ನೀವು ಇಟ್ಟ ಒಂದೊಂದು ಚುಕ್ಕಿಯೂ ನನ್ನ ಬಾಯಿ ಮುಚ್ಚಿಸ್ತು!"



ಬಿಚ್ಚಮ್ಮ ಪೆನ್ನು ತೆಗೆದು ಚೀಟಿಯಲ್ಲಿದ್ದ ಹಿಂದಿನ ಎರಡು ತಿಂಗಳ ಅಂಕಿಗಳ ಮೇಲೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. ಆಮೇಲೆ ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಸಾಲು ಸೀಳಿ ಡಾಕ್ಟರ ಕೋಣೆಗೆ ನುಗ್ಗಿದಳು. ತನ್ನ ಮಗಳ ವಯಸ್ಸಿನ ಡಾಕ್ಟರಮ್ಮ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಿದು?"

"ತಪ್ಪು. ನಾನು ಬಟ್ಟೆ ಸಮೇತ ತೂಗಿದೆ."

"ಯಾಕೆ?"

"ಜಗಳ ಸಾಕಾಗಿತ್ತು."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಬಿಚ್ಚಮ್ಮನಿಗೆ ತಿರುಗಿ ಹೇಳಲು ನಾಲ್ಕು ಮಾತು ಸಿಗುತ್ತಿತ್ತು. ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು, ಸ್ವಲ್ಪ ಸರಿಸಿ ಮತ್ತೆ ಕೇಳಿದರು. ಆಮೇಲೆ ದೊಡ್ಡ ಆಸ್ಪತ್ರೆಗೆ ಕಾಗದ ಬರೆಯುತ್ತಾ, "ಇವತ್ತೇ ಹೋಗಿ, ನಾಳೆ ಅನ್ನಬೇಡಿ" ಅಂದರು. ಕಾಗದ ಮುಗಿದ ಮೇಲೆ ತಲೆ ಎತ್ತದೆಯೇ ಕೇಳಿದರು: "ಸಿಸ್ಟರ್, ಇನ್ನೆಷ್ಟು ಚೀಟಿ ಹೀಗಿವೆ?"

ಬಿಚ್ಚಮ್ಮನಿಗೆ ಗೊತ್ತಿರಲಿಲ್ಲ. ಆ ವಾರವಿಡೀ ಚಳಿಗಾಲದ ಅಷ್ಟೂ ಮಕ್ಕಳ ಮನೆಗೆ ಫೋನು ಮಾಡಿ ಮತ್ತೆ ಬನ್ನಿ ಅಂದಳು. ಜನ ಬಂದರು, ತೂಗಿಸಿದರು, ಹೊಟ್ಟೆ ತುಂಬ ಬೈದು ಹೋದರು. ಒಂಬತ್ತು ಅಂಕಿ ತಪ್ಪಿತ್ತು. ಅದೃಷ್ಟಕ್ಕೆ ಆ ಒಂಬತ್ತೂ ಮಕ್ಕಳು ಗಟ್ಟಿಯಾಗಿಯೇ ಇದ್ದವು.

ಹವಾಲ್ದಾರಜ್ಜಿಯ ಮೊಮ್ಮಗಳ ಹೃದಯದಲ್ಲಿ ತೂತಿತ್ತು. ಔಷಧಿ ಶುರುವಾಯಿತು, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಗಟ್ಟಿ ಹಾಲು ಕೊಡಬೇಕೆಂದಾಯಿತು. ಎರಡು ತಿಂಗಳಾದ ಮೇಲೆ ಸೊಸೆ ಒಬ್ಬಳೇ ಬಂದಳು. ನಮಸ್ಕಾರವಿಲ್ಲ, ನಗುವಿಲ್ಲ. ಬೆಂಚಿನ ಮೇಲೆಯೇ ಬಟ್ಟೆಯೆಲ್ಲ ತೆಗೆದು ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ, ಬಗ್ಗಿ ಅಂಕಿ ನೋಡಿದಳು.

"ಆರು ಕಿಲೋ ಇನ್ನೂರಾ ಹತ್ತು" ಅಂದಳು ಬಿಚ್ಚಮ್ಮ. "ಚೆನ್ನಾಗಿ ಬಂದಿದೆ ಕಣಮ್ಮ."

"ಚೆನ್ನಾಗಿದೆಯೋ ಇಲ್ವೋ ಡಾಕ್ಟರ್ ಹೇಳ್ತಾರೆ. ಎತ್ತಿ ಇನ್ನೊಂದ್ಸಲ ಹಾಕಿ."

ಎತ್ತಿ ಹಾಕಿದಳು. ಅದೇ ಅಂಕಿ. ಬರೆಯುವಾಗ ಸೊಸೆ ಪೆನ್ನಿನ ಮೇಲೇ ಕಣ್ಣಿಟ್ಟಿದ್ದಳು. ಆಮೇಲೆ ಮಗುವಿಗೆ ಬಟ್ಟೆ ತೊಡಿಸಿ, ಹಿಂದೆ ನಿಂತಿದ್ದ ಹೆಂಗಸರಿಗೆ ಕೇಳುವ ಹಾಗೆ ಹೇಳಿದಳು:

"ಎಲ್ಲಾ ಬಿಚ್ಚಿಸೇ ತೂಗಿಸಿ ಕಣ್ರೀ. ಬಿಚ್ಚಬೇಡಿ ಅಂದ್ರೆ ಇವ್ರು ಹಾಗೇ ಬರ್ಕೊಡ್ತಾರೆ. ಒಂಚೂರೂ ನಂಬೋ ಹಾಗಿಲ್ಲ ಇವ್ರನ್ನ."

ಹನ್ನೊಂದು ಜನ ತಾಯಂದಿರು, ನಾಲ್ವರು ಅಜ್ಜಿಯರು ಬಿಚ್ಚಮ್ಮನನ್ನು ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಾ ಮಕ್ಕಳ ಗುಂಡಿ ಬಿಚ್ಚತೊಡಗಿದರು. ಬಿಚ್ಚಮ್ಮ ತಕ್ಕಡಿ ಒರೆಸಿ, ಅಂಕಿ ಸೊನ್ನೆಗೆ ಬಂದದ್ದನ್ನು ನೋಡಿ, ಮುಂದಿನ ಮಗುವಿಗೆ ಕೈ ಚಾಚಿದಳು.