ನನಗಿಂತ ಮೊದಲು ಗಂಡನಿಗೆ ಹೋದ ಫೋನು

ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಬಸವಕಲ್ಯಾಣದಲ್ಲಿ ಹೆಂಗಸರಿಗಾಗಿ ಒಂದು ತಪಾಸಣಾ ಶಿಬಿರ ನಡೆಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಗಿರಾಕಿಯೊಬ್ಬಳು ಕರೆದಳೆಂದು ಜೊತೆಗೆ ಹೋದೆ. ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿ, ಎಚ್‌ಪಿವಿ ಎಂಬ ವೈರಸ್ ಇದೆಯೋ ಇಲ್ಲವೋ ತಿಳಿಸುತ್ತೇವೆ ಅಂದರು. ಹೆಸರು ಬರೆದುಕೊಳ್ಳುವವನು ಫೋನ್ ನಂಬರ್ ಕೇಳಿದ. ನನ್ನದು ಹೇಳಿದೆ.

"ಮನಿಯವರದು ಹೇಳ್ರಿ," ಅಂದ.

"ನನ್ನ ಹತ್ರಾನೇ ಫೋನ್ ಅದ ಅಲ್ರಿ."

"ಇರ್ಲಿ, ಅವರದೂ ಕೊಡ್ರಿ."

ಕೊಟ್ಟೆ.

ನನಗೆ ಯಾರೂ ಫೋನ್ ಮಾಡಲಿಲ್ಲ. ಫೋನ್ ಬಂದದ್ದು ನನ್ನ ಗಂಡನಿಗೆ. ಅವರು ಹುಮನಾಬಾದಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. "ನಿಮ್ಮ ಹೆಂಡತಿಗೆ ವೈರಸ್ ಅದ, ಗಂಡ-ಹೆಂಡತಿ ಕೂಡೋದ್ರಿಂದ ಹರಡ್ತದ, ಮುಂದಿನ ತಪಾಸಣಿಗೆ ಕಳಸ್ರಿ" ಎಂದು ಹೇಳಿ ಇಟ್ಟುಬಿಟ್ಟರಂತೆ. ಗಂಡ ಅದನ್ನು ನನಗೆ ಹೇಳಲಿಲ್ಲ. ನೇರವಾಗಿ ತಮ್ಮ ಅಣ್ಣನಿಗೆ ಹೇಳಿದರು. ಎರಡೂ ಸಂಸಾರ ಒಂದೇ ಮನೆಯಲ್ಲಿ. ಸಂಜೆ ನಾನು ಹೊಲಿಗೆ ಬಿಟ್ಟು ಒಳಗೆ ಬರುವಷ್ಟರಲ್ಲಿ ನನ್ನ ಮೈಯ ಸುದ್ದಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನೆಗೆಣ್ಣಿ, ಅಂದರೆ ಭಾವನವರ ಹೆಂಡತಿ, ನನ್ನ ತಾಟು-ಲೋಟ ಬೇರೆ ಇಟ್ಟಿದ್ದಳು. "ಹಿಂಗ್ಯಾಕ ಅಕ್ಕಾ?" ಅಂದರೆ ಮುಖ ತಿರುಗಿಸಿದಳು. ನನ್ನ ಗಂಡ ಬಾಗಿಲಲ್ಲಿ ನಿಂತು, "ಯಾರಿಂದ ಬಂತು, ಹೇಳು," ಅಂದರು. ಫೋನಿನ ವಿಷಯ ನನಗೆ ತಿಳಿದದ್ದೇ ಆಗ. ಭಾವನವರು ಪಡಸಾಲೆಯಿಂದಲೇ, "ಮಂಠಾಳಕ್ಕ ಕಳಸು. ತವರಮನ್ಯಾಗ ಇರ್ಲಿ," ಅಂದರು.

ನನಗೆ ಅಳು ಬರಲಿಲ್ಲ. ಮೈಯೆಲ್ಲ ಉರಿಯಿತು. "ನಾ ಎಲ್ಲಿಗೂ ಹೋಗಂಗಿಲ್ಲ," ಎಂದು ಗಂಡನಿಗೆ ಹೇಳಿದೆ. "ನಾಳಿ ಡಾಕ್ಟರ್ ಹತ್ರ ಹೋಗೂಣು. ನನಗ ಕೇಳಿದ್ದು ಅವರ ಮುಂದ ಕೇಳ್ರಿ."

ಹುಮನಾಬಾದಿನ ಡಾಕ್ಟರಮ್ಮನ ಮುಂದೆ ಅವರು ನೆಲ ನೋಡುತ್ತ ಕೇಳಿದರು.

"ಯಾರಿಂದ ಬಂತು, ಯಾವಾಗ ಬಂತು ಅಂತ ಯಾವ ಟೆಸ್ಟೂ ಹೇಳಂಗಿಲ್ರಿ," ಅಂದರು ಡಾಕ್ಟರ್. "ಭಾಳ ಮಂದಿಗೆ ಬರ್ತದ, ಗಂಡಸರಿಗೂ ಬರ್ತದ. ಗೊತ್ತಾಗದಂಗ ವರ್ಷಗಟ್ಲೆ ಮೈಯಾಗ ಇರ್ತದ. ಮದಿವಿಗೆ ಮೊದಲ ನಿಮಗ ಬಂದಿದ್ರೂ ಬಂದಿರಬಹುದು. ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಿಗೆ ತಾನ ಹೋಗ್ತದ. ಹೋಗದ ಉಳೀತಂದ್ರ ಮುಂದ ಕ್ಯಾನ್ಸರ್ ಆಗಬಹುದು, ಅದಕ್ಕ ನೋಡ್ಕೋತ ಇರಬೇಕು."

"ಹಂಗಾದ್ರ ನನಗೂ ಟೆಸ್ಟ್ ಮಾಡ್ರಿ."

"ಗಂಡಸರಿಗೆ ಹಂಗ ಮಾಡೋ ಟೆಸ್ಟ್ ಇಲ್ರಿ. ಅದಕ್ಕ ಹೆಸರು ಕೆಡೋದು ಹೆಂಗಸರದಷ್ಟ."

"ತಾಟು-ಲೋಟದಿಂದ ಹರಡ್ತದೇನ್ರಿ?" ಎಂದು ನಾನು ಕೇಳಿದೆ. ಅವರು ನನ್ನ ಗಂಡನ ಮುಖ ನೋಡಿ, "ಇಲ್ಲ," ಅಂದರು.

ಒಳಗೆ ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ಪರೀಕ್ಷಿಸಿದರು. ಕೆಟ್ಟ ಬದಲಾವಣೆ ಏನೂ ಇರಲಿಲ್ಲ. ವರ್ಷ ಬಿಟ್ಟು ಮತ್ತೆ ಬರಬೇಕು ಅಂದರು.

ಬಸ್ಸಿನಲ್ಲಿ ಗಂಡ, "ತಪ್ಪಾತು," ಅಂದರು.

"ನನಗಷ್ಟ ಹೇಳಿದ್ರ ಮುಗೀತೇನು? ಅಣ್ಣನ ಮುಂದ ನನ್ನ ಮಾನ ತೆಗದವರು ನೀವು. ಡಾಕ್ಟರ್ ಹೇಳಿದ್ದೂ ನೀವ ಹೇಳ್ರಿ."

ಊಟದ ಹೊತ್ತಿಗೆ ಹೇಳಿದರು, ತಲೆ ತಗ್ಗಿಸಿ. ಭಾವನವರು "ಆತು ಬಿಡು" ಎಂದು ಟಿವಿ ಹಚ್ಚಿದರು. ನನ್ನ ತಾಟು ಮತ್ತೆ ಎಲ್ಲದರ ಜೊತೆ ಸೇರಿತು. ತಪ್ಪಾಯಿತು ಎಂಬ ಮಾತು ಬೇರೆ ಯಾರ ಬಾಯಿಂದಲೂ ಬರಲಿಲ್ಲ. ಶಿಬಿರದವರನ್ನು ಹುಡುಕಿಕೊಂಡು ಹೋಗಿ ಜಗಳ ಮಾಡಿದೆ. "ಎಲ್ಲರಿಗೂ ಹಂಗ ಮಾಡ್ತೀವ್ರಿ," ಅಂದರು.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗಂಡಸರು ಯಾರೂ ಇಲ್ಲದಾಗ ನೆಗೆಣ್ಣಿ ನನ್ನ ಕೋಣೆಗೆ ಬಂದು ಬಾಗಿಲು ಹಾಕಿದಳು. ಆಕೆಗೆ ಮುಟ್ಟು ನಿಂತು ವರ್ಷಗಳಾಗಿವೆ. "ಮತ್ತ ರಕ್ತ ಹೋಗಾಕತ್ತದ," ಅಂದಳು.

"ಯಾವಾಗಿಂದ?"

"ನಿನ್ನ ಟೆಸ್ಟಿಗಿಂತ ಮೊದಲಿಂದ."

"ಇಷ್ಟು ದಿವಸ ಯಾಕ ಹೇಳ್ಲಿಲ್ಲ ಅಕ್ಕಾ?"

"ಹ್ಯಾಂಗ ಹೇಳ್ಲಿ? ನಿನಗ ಮಾಡಿದ್ದು ನೋಡೀನಲ್ಲ. ನಾನೂ ಮಾಡೀನಿ."

ಬೈಯಬೇಕು ಅನ್ನಿಸಿತು. ಬದಲಿಗೆ ಪಕ್ಕದಲ್ಲಿ ಕೂರಿಸಿಕೊಂಡೆ. ಮರುದಿನವೇ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತುಣುಕು ತೆಗೆದು ಪರೀಕ್ಷೆಗೆ ಕಳಿಸಿದ ಮೇಲೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲೇ ಬಂದಿದ್ದರೆ ಚಿಕಿತ್ಸೆ ಇಷ್ಟು ಕಠಿಣ ಆಗುತ್ತಿರಲಿಲ್ಲವೇನೋ ಎಂದು ಡಾಕ್ಟರ್ ನನಗೆ ಬೇರೆಯಾಗಿ ಹೇಳಿದರು.

ಈಗ ಕಲಬುರಗಿಯಲ್ಲಿ ಚಿಕಿತ್ಸೆ ನಡೆದಿದೆ. ಗುಣವಾಗುವ ಭರವಸೆ ಕೊಟ್ಟಿದ್ದಾರೆ. ಜೊತೆಗೆ ಹೋಗುವವಳು ನಾನೇ. ಭಾವನವರು ಓಣಿಯವರಿಗೆ, "ಹೊಟ್ಟಿ ತ್ರಾಸ ಅದ," ಎಂದು ಹೇಳುತ್ತಾರೆ. ಯಾರಾದರೂ ನನ್ನನ್ನು ಕೇಳಿದರೆ ಏನು ಹೇಳಲಿ ಎಂದು ಆಕೆಯನ್ನೇ ಕೇಳಿದೆ. ಆಕೆ "ಖರೇನ ಹೇಳು" ಅಂದಿದ್ದಾಳೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೆಗೆಣ್ಣಿಯ ಮೇಲೆ ನನಗೆ ಈಗ ಸಿಟ್ಟಿಲ್ಲ. ಆದರೆ ಕಲಬುರಗಿಯಿಂದ ಬರುವಾಗ ಬಸ್ಸಿನಲ್ಲಿ ಸುಸ್ತಾಗಿ ನನ್ನ ಹೆಗಲಿಗೆ ತಲೆಯಾನಿಸುತ್ತಾಳಲ್ಲ, ಆಗ ಆಕೆ ಮರ್ಯಾದೆಗೆ ಹೆದರಿ ಬಾಯಿ ಮುಚ್ಚಿಕೊಂಡು ಕಳೆದ ಆ ತಿಂಗಳುಗಳು ನೆನಪಾಗುತ್ತವೆ. ಆ ಮರ್ಯಾದೆಯ ಮೇಲಿನ ಸಿಟ್ಟಿಗೆ ಮನೆ ಮುಟ್ಟುವವರೆಗೂ ನಾನು ಹಲ್ಲು ಕಚ್ಚಿಕೊಂಡೇ ಇರುತ್ತೇನೆ.